ಹಾರ್ಲೆಮ್ ರಿವರ್ ಡ್ರೈವ್: ಕೈತಪ್ಪಿಹೋದ ಆಲ್ಬಮ್ ಒಂದನ್ನು ಕೇಳುವುದು ಹೇಗೆ

ಸಾಂಟಾನಾ ಅನ್ನುವ ರಾಕ್ ತಂಡ ಗೊತ್ತಿಲ್ಲದವರು ಕಡಿಮೆ. 1970ರ 'ಅಬ್ರಾಕ್ಸಸ್' ಆಲ್ಬಮ್‌ನಲ್ಲಿ ಟಿಟೋ ಪುಯೆಂತೆ ಅವರ 'ಓಯೆ ಕೋಮೋ ವಾ' ಹಾಡನ್ನು ಎಲೆಕ್ಟ್ರಿಕ್ ಗಿಟಾರ್‌ಗೆ ತಂದು ಆ ತಂಡ ಜಗತ್ತನ್ನೇ ಕುಣಿಸಿತು. ಅದರ ಮರುವರ್ಷ ನ್ಯೂಯಾರ್ಕ್‌ನಲ್ಲಿ ಒಂದು ಆಲ್ಬಮ್ ಬಂತು. ಹೆಸರು 'ಹಾರ್ಲೆಮ್ ರಿವರ್ ಡ್ರೈವ್'. ಲ್ಯಾಟಿನ್ ತಾಳ, ಜಾಝ್ ಹಾರ್ನ್‌ಗಳು (ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸ್‌ನಂಥ ಊದುವ ವಾದ್ಯಗಳು), ಒರಟು ಫಂಕ್, ಸೋಲ್ ದನಿ, ಎಲ್ಲಾ ಒಂದೇ ಕಡೆ. ನುಡಿಸಿದವರ ಪಟ್ಟಿ ನೋಡಿದರೆ ತಲೆ ತಿರುಗುತ್ತದೆ. ಆದರೂ ಹೆಚ್ಚು ಜನ ಕೊಳ್ಳಲಿಲ್ಲ, ಆಮೇಲೆ ಬಹಳ ವರ್ಷ ಹಳೇ ರೆಕಾರ್ಡ್ ಹುಡುಕುವವರ ಗುಟ್ಟಾಗಿಯೇ ಉಳಿಯಿತು.

ಸುಮ್ನೆ ಹಿನ್ನೆಲೆಗೆ ಹಾಕಿಕೊಂಡು ಅಡುಗೆ ಮಾಡುತ್ತಾ ಕೇಳಿದರೂ ಇದು ಚೆನ್ನಾಗಿಯೇ ಇರುತ್ತದೆ. ಆದರೆ ಒಳಗೆ ಏನು ನಡೆಯುತ್ತಿದೆ ಅಂತ ಹಿಡಿಯಬೇಕಾದರೆ ಸ್ವಲ್ಪ ದಾರಿ ಬೇಕು. ಆ ದಾರಿಯೇ ಈ ಬರಹ. ನನ್ನ ವಾದ ಒಂದೇ: ಈ ಆಲ್ಬಮ್ ಅನ್ನು ಬೇಸ್ ಗಿಟಾರ್‌ನಿಂದ ಮೇಲಕ್ಕೆ ಕೇಳಬೇಕು, ಹಾಡುಗಾರನಿಂದ ಕೆಳಕ್ಕಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಸರಿಯಾದದ್ದನ್ನು ಹುಡುಕಿ

ಹುಡುಕುವಾಗಲೇ ಎಡವುವ ಸಾಧ್ಯತೆ ಜಾಸ್ತಿ. ಈ ಹೆಸರಿನಲ್ಲಿ ಮೊದಲನೆಯದಾಗಿ ಒಂದು ರಸ್ತೆ ಇದೆ. ಮ್ಯಾನ್‌ಹ್ಯಾಟನ್‌ನಲ್ಲಿ ಹಾರ್ಲೆಮ್ ನದಿಯ ದಂಡೆಗುಂಟ ಓಡುವ ಹೆದ್ದಾರಿ ಅದು. ಎರಡನೆಯದಾಗಿ, ಕೊಳಲು ನುಡಿಸುವ ಬಾಬಿ ಹಂಫ್ರಿ ಅವರ 1973ರ 'ಬ್ಲ್ಯಾಕ್ಸ್ ಅಂಡ್ ಬ್ಲೂಸ್' ಆಲ್ಬಮ್‌ನಲ್ಲಿ ಇದೇ ಹೆಸರಿನ ಹಾಡಿದೆ. ಬ್ಲೂ ನೋಟ್ ಕಂಪನಿಯದ್ದು, ತುಂಬಾ ಚೆಂದದ ಹಾಡು, ಆದರೆ ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಹುಡುಕಿದಾಗ ಎಷ್ಟೋ ಸಲ ಅದೇ ಮೊದಲು ಬರುತ್ತದೆ. ಕೇಳಿ, ಖುಷಿಪಡಿ, ಮುಂದೆ ಹೋಗಿ.

ನಮಗೆ ಬೇಕಾದದ್ದು 1971ರ ರೂಲೆಟ್ ರೆಕಾರ್ಡ್ಸ್ ಆಲ್ಬಮ್. ಇದರ ಹಿಂದಿನ ತಲೆ ಪಿಯಾನೋ ವಾದಕ ಎಡ್ಡಿ ಪಾಲ್ಮಿಯೇರಿ. ಆದರೆ ತಂಡದ ಹೆಸರೂ ಹಾರ್ಲೆಮ್ ರಿವರ್ ಡ್ರೈವ್, ಆಲ್ಬಮ್ ಹೆಸರೂ ಅದೇ. ಹಾಗಾಗಿ ಪಾಲ್ಮಿಯೇರಿ ಅವರ ಆಲ್ಬಮ್‌ಗಳ ಸಾಲಿನಲ್ಲಿ ಇದು ಕೆಲವೊಮ್ಮೆ ಕಾಣಿಸುವುದೇ ಇಲ್ಲ. ಆಲ್ಬಮ್ ಮರೆಯಾಗಿ ಉಳಿಯಲು ಇದೂ ಒಂದು ಸಣ್ಣ ಕಾರಣ ಇರಬಹುದು ಅಂತ ನನಗನ್ನಿಸುತ್ತದೆ. ಲ್ಯಾಟಿನ್ ಸಂಗೀತ ಹುಡುಕುವವನು ಪಾಲ್ಮಿಯೇರಿ ಹೆಸರು ನೋಡುತ್ತಾನೆ, ಸೋಲ್ ಹುಡುಕುವವನಿಗೆ ಆ ಹೆಸರೇ ಗೊತ್ತಿಲ್ಲ. ಇಬ್ಬರ ಕೈಗೂ ಸಿಗದ ಜಾಗದಲ್ಲಿ ರೆಕಾರ್ಡ್ ಕೂತಿದೆ.

ಸಿಕ್ಕಿದ್ದು ಸರಿಯೋ ಅಲ್ಲವೋ ಅಂತ ನೋಡಲು ಹಾಡುಗಳನ್ನು ಎಣಿಸಿ. ಇರುವುದು ಐದೇ. ಮೊದಲ ಬದಿಯಲ್ಲಿ ಆಲ್ಬಮ್ ಹೆಸರಿನದ್ದೇ ಥೀಮ್ ಹಾಡು, 'ಇಫ್ (ವಿ ಹ್ಯಾಡ್ ಪೀಸ್ ಟುಡೇ)', 'ಐಡಲ್ ಹ್ಯಾಂಡ್ಸ್'. ಎರಡನೇ ಬದಿಯಲ್ಲಿ 'ಬ್ರೋಕನ್ ಹೋಮ್', 'ಸೀಡ್ಸ್ ಆಫ್ ಲೈಫ್'. ಒಟ್ಟು ಅರ್ಧ ಗಂಟೆ ಆಸುಪಾಸು. ಪೂರ್ತಿ ಕೇಳಲು ರಜೆ ಹಾಕಬೇಕಾಗಿಲ್ಲ.

ಇನ್ನೊಂದು ಮಾತು. ಫೋನಿನ ಸ್ಪೀಕರ್‌ನಲ್ಲಿ ದಯವಿಟ್ಟು ಕೇಳಬೇಡಿ. ಬೇಸ್ ಗಿಟಾರ್‌ನ ದಪ್ಪ ತಂತಿಯನ್ನು ಬಿಟ್ಟು ಮೀಟಿದರೆ ಹುಟ್ಟುವ ಸ್ವರ 41 ಹರ್ಟ್ಸ್ ಸುತ್ತಮುತ್ತ ಇರುತ್ತದೆ. ಫೋನಿನ ಪುಟ್ಟ ಸ್ಪೀಕರ್‌ಗೆ ಅದನ್ನು ಹೊರಡಿಸುವ ತಾಕತ್ತೇ ಇಲ್ಲ. ಬೇಸ್ ಹೋಯಿತು ಅಂದರೆ ಈ ಆಲ್ಬಮ್‌ನಲ್ಲಿ ಅರ್ಧ ಕಥೆ ಹೋಯಿತು. ಸಾಧಾರಣ ಹೆಡ್‌ಫೋನ್ ಆದರೂ ಸಾಕು.

ಯಾರು ಈ ಪಾಲ್ಮಿಯೇರಿ

ಇದನ್ನು ಜಾಸ್ತಿ ಎಳೆಯುವುದಿಲ್ಲ, ಆದರೆ ಸ್ವಲ್ಪ ಗೊತ್ತಿದ್ದರೆ ಕೇಳುವ ರೀತಿಯೇ ಬದಲಾಗುತ್ತದೆ. ಎಡ್ಡಿ ಪಾಲ್ಮಿಯೇರಿ ಹುಟ್ಟಿದ್ದು 1936ರಲ್ಲಿ ನ್ಯೂಯಾರ್ಕ್‌ನಲ್ಲಿ, ಪೋರ್ಟೊ ರಿಕೊದಿಂದ ಬಂದ ಕುಟುಂಬದಲ್ಲಿ. ಬೆಳೆದದ್ದು ಸೌತ್ ಬ್ರಾಂಕ್ಸ್‌ನಲ್ಲಿ. ಹದಿಮೂರನೇ ವಯಸ್ಸಿಗೆ ಚಿಕ್ಕಪ್ಪನ ತಂಡದಲ್ಲಿ ಟಿಂಬಾಲೆಸ್ (ಕೋಲಿನಿಂದ ಬಾರಿಸುವ ಜೋಡಿ ಡ್ರಮ್) ಬಾರಿಸುತ್ತಿದ್ದ ಹುಡುಗ. ಆಮೇಲೆ ಪಿಯಾನೋಗೆ ಬಂದರೂ ಬಾರಿಸುವ ಚಾಳಿ ಬಿಡಲಿಲ್ಲ. ಅವರ ಪಿಯಾನೋ ಕೇಳಿದರೆ ಗೊತ್ತಾಗುತ್ತದೆ: ಅದೂ ಒಂದು ತಾಳವಾದ್ಯವೇ. ಸೋಲೋ ನಡುವೆ ಅವರು ಗಂಟಲಿನಿಂದ ಹೊರಡಿಸುವ ಗುರುಗುಟ್ಟುವ ಸದ್ದೂ ಎಷ್ಟೋ ರೆಕಾರ್ಡ್‌ಗಳಲ್ಲಿ ಕೇಳಿಸುತ್ತದೆ. ಮೊದಲ ಸಲ ಕೇಳಿದವರು ಹೆಡ್‌ಫೋನ್ ಕೆಟ್ಟಿದೆ ಅಂದುಕೊಳ್ಳುವುದುಂಟು.

1961ರಲ್ಲಿ ಅವರು 'ಲಾ ಪರ್ಫೆಕ್ಟಾ' ಅನ್ನುವ ತಂಡ ಕಟ್ಟಿದರು. ಆಗ ನ್ಯೂಯಾರ್ಕ್‌ನಲ್ಲಿ ಚರಂಗಾ ತಂಡಗಳ ಕಾಲ. ಕೊಳಲು, ಪಿಟೀಲು ಇರಲೇಬೇಕು. ಪಾಲ್ಮಿಯೇರಿ ಕೊಳಲು ಇಟ್ಟುಕೊಂಡು ಪಿಟೀಲಿನ ಜಾಗಕ್ಕೆ ಎರಡು ಟ್ರಾಂಬೋನ್ ತಂದರು. ಅಣ್ಣ ಚಾರ್ಲಿ ಪಾಲ್ಮಿಯೇರಿ ಅದಕ್ಕೆ 'ಟ್ರಾಂಬಾಂಗಾ' ಅಂತ ತಮಾಷೆಯ ಹೆಸರು ಕೊಟ್ಟರು. ಆ ಒರಟು ಟ್ರಾಂಬೋನ್ ದನಿಯೇ ಮುಂದೆ ನ್ಯೂಯಾರ್ಕ್ ಸಾಲ್ಸಾದ ಗುರುತಾಯಿತು. 1968ರಲ್ಲಿ ಆ ತಂಡ ಮುರಿಯಿತು. 1969ರಲ್ಲಿ 'ಹುಸ್ತಿಸಿಯಾ' (ಅಂದರೆ ನ್ಯಾಯ) ಅನ್ನುವ ಆಲ್ಬಮ್ ಬಂತು. ಆ ಹೊತ್ತಿಗೆ ಅವರ ತಲೆಯಲ್ಲಿ ಬರೀ ಕುಣಿತ ಇರಲಿಲ್ಲ. ಬಡತನ, ಬಾಡಿಗೆ, ಭೂಮಿ ಯಾರ ಕೈಯಲ್ಲಿದೆ ಅನ್ನುವ ಪ್ರಶ್ನೆಗಳಿದ್ದವು. ಗಿಟಾರ್ ವಾದಕ ಬಾಬ್ ಬಿಯಾಂಕೊ ಅವರ ಹತ್ತಿರ ಷಿಲಿಂಗರ್ ಪದ್ಧತಿಯ (ಗಣಿತದ ಲೆಕ್ಕಾಚಾರದಿಂದ ಸಂಗೀತ ಕಟ್ಟುವ ವಿಧಾನ) ಸಂಗೀತ ಪಾಠವನ್ನೂ, ಜೊತೆಗೆ ಹೆನ್ರಿ ಜಾರ್ಜ್ ಅನ್ನುವ 19ನೇ ಶತಮಾನದ ಅರ್ಥಶಾಸ್ತ್ರಜ್ಞನ ವಿಚಾರಗಳನ್ನೂ ಅವರು ಕಲಿತರು. ಸಂಗೀತ ಪಾಠದ ಜೊತೆ ಭೂ ತೆರಿಗೆಯ ಪಾಠ, ಎಂಥಾ ಜೋಡಿ ನೋಡಿ!

ಈಗ ಆ ರಸ್ತೆಯ ವಿಷಯಕ್ಕೆ ಬನ್ನಿ. ಕಪ್ಪುಜನರು, ಬಡವರು ಹೆಚ್ಚಾಗಿ ಇದ್ದ ಹಾರ್ಲೆಮ್ ಬಡಾವಣೆಯ ಅಂಚಿನಲ್ಲೇ ಹೋಗುವ ಹೆದ್ದಾರಿ ಅದು. ಕಾರಿನಲ್ಲಿ ಕೂತವನು ಒಳಗಿನ ಬೀದಿಗಳಿಗೆ ಕಾಲಿಡದೆ ದಾಟಿಹೋಗಬಹುದು. ಅದನ್ನೇ ತಂಡದ ಹೆಸರಾಗಿ ಇಟ್ಟುಕೊಂಡರು ಅಂದ ಮೇಲೆ ಹಾಡುಗಳು ಯಾವುದರ ಬಗ್ಗೆ ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ? ಮುರಿದ ಮನೆಗಳು, ಕೆಲಸವಿಲ್ಲದ ಕೈಗಳು. ಇಂಗ್ಲಿಷ್‌ನಲ್ಲೇ ಹಾಡಿದ್ದಾರೆ.

ಹಾಡು ಹಾಕುವ ಮೊದಲು ಒಂದು ಚಪ್ಪಾಳೆ

ಇದು ಈ ಬರಹದ ಮುಖ್ಯ ಭಾಗ. ಇಲ್ಲಿ ಆತುರ ಬೇಡ.

ಒಂದರಿಂದ ಹದಿನಾರರವರೆಗೆ ಸಮವಾಗಿ, ನಿಧಾನವಾಗಿ ಎಣಿಸಿ. 1, 5, 9, 13ಕ್ಕೆ ಕಾಲು ತಟ್ಟಿ. ಅದು ಅಭ್ಯಾಸವಾದ ಮೇಲೆ ಕಾಲು ನಿಲ್ಲಿಸದೆ 1, 4, 7, 11, 13ಕ್ಕೆ ಚಪ್ಪಾಳೆ ಹೊಡೆಯಿರಿ.

1 2 3 4 5 6 7 8 9 10 11 12 13 14 15 16

ಇದೇ ಸೋನ್ ಕ್ಲಾವೆ. ಕ್ಯೂಬಾದಿಂದ ಬಂದ ಬಹುಪಾಲು ಕುಣಿತದ ಸಂಗೀತಕ್ಕೆ ಇದು ಬೆನ್ನುಮೂಳೆ. ಮೊದಲ ಅರ್ಧದಲ್ಲಿ ಮೂರು ಏಟು, ಎರಡನೇ ಅರ್ಧದಲ್ಲಿ ಎರಡು. ಅದಕ್ಕೇ ಇದನ್ನು 3-2 ಅನ್ನುತ್ತಾರೆ. ಅರ್ಧ ಸುತ್ತು ತಿರುಗಿಸಿ ಎರಡು ಏಟಿನಿಂದ ಶುರು ಮಾಡಿದರೆ 2-3. ಆಗ ಚಪ್ಪಾಳೆ 3, 5, 9, 12, 15ಕ್ಕೆ ಬೀಳುತ್ತದೆ. ಬೋ ಡಿಡ್ಲಿ ಅವರ ಹಳೇ ರಾಕ್ ಅಂಡ್ ರೋಲ್ ಹಾಡು ಕೇಳಿದ್ದರೆ ಈ ಲಯ ನಿಮಗೆ ಆಗಲೇ ಪರಿಚಯ. ಏಟು ಬೀಳುವ ಜಾಗ ಅದೇ.

ಕಾಲು ಮತ್ತು ಕೈ ಜಗಳವಾಡದೆ ಸಾಗುವವರೆಗೂ ಇದನ್ನು ಮಾಡಿ. 7ರ ಹತ್ತಿರ ಹೆಚ್ಚಿನವರು ತಪ್ಪುತ್ತಾರೆ, ಕೈ ತಾನಾಗಿ 9ಕ್ಕೆ ಓಡಿ ಕಾಲಿನ ಜೊತೆ ಬೀಳಲು ನೋಡುತ್ತದೆ. ಬಿಡಬೇಡಿ. 9ರಲ್ಲಿ ಕಾಲು ಒಂಟಿಯಾಗಿ ಬೀಳಬೇಕು.

ಈಗ ಬೇಸ್. ಕ್ಯೂಬನ್ ಶೈಲಿಯ ಬೇಸ್ ವಾದಕ ಸಾಮಾನ್ಯವಾಗಿ ನುಡಿಸುವುದು 4, 7, 12, 15ರಲ್ಲಿ. ಇದಕ್ಕೆ ತುಂಬಾವೊ ಅನ್ನುತ್ತಾರೆ. ಗಮನಿಸಿದಿರಾ, ಒಂದರಲ್ಲಿ ಅವನು ಇಲ್ಲವೇ ಇಲ್ಲ! ನಮ್ಮ ಕಿವಿ ಕಾಯುವ ಜಾಗ, ತಾಳದಲ್ಲಿ ಸಮ ಅನ್ನುತ್ತೇವಲ್ಲ, ಆ ಜಾಗವನ್ನು ಅವನು ಬೇಕೆಂದೇ ಖಾಲಿ ಬಿಡುತ್ತಾನೆ. 7ರಲ್ಲಿ ಮತ್ತು 15ರಲ್ಲಿ ಮುಂದೆ ಬರುವ ಕಾರ್ಡ್‌ನ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿನ) ಸ್ವರವನ್ನು ಮುಂಚೆಯೇ ಹಿಡಿದು ಎಳೆದುಬಿಡುತ್ತಾನೆ. ಅದಕ್ಕೇ ಈ ಸಂಗೀತ ಯಾವಾಗಲೂ ಮುಂದಕ್ಕೆ ವಾಲಿದ ಹಾಗೆ ಕೇಳಿಸುತ್ತದೆ. ಕೈಯಿಂದ ಬಾರಿಸುವ ಉದ್ದನೆಯ ಡ್ರಮ್ ಕಾಂಗಾ ಕೂಡ ಹಾಗೇ: ಅದರ ತೆರೆದ, ದುಂಡನೆಯ ಎರಡು ಏಟು 7 ಮತ್ತು 8ರಲ್ಲಿ, ಮತ್ತೆ 15 ಮತ್ತು 16ರಲ್ಲಿ ಬೀಳುತ್ತದೆ.

ಫಂಕ್ ಇದಕ್ಕೆ ಪೂರ್ತಿ ಉಲ್ಟಾ. ಫಂಕ್‌ಗೆ ದಾರಿ ಹಾಕಿದ ಗಾಯಕ ಜೇಮ್ಸ್ ಬ್ರೌನ್ ತಂಡದ ಮೂಲಮಂತ್ರವೇ 'ಒಂದು', ಅಂದರೆ ಎಣಿಕೆಯ ಮೊದಲ ಏಟು. ಬೇಸ್, ಡ್ರಮ್ ಎಲ್ಲಾ ಆ ಒಂದರ ಮೇಲೆ ಧೊಪ್ಪೆಂದು ಬೀಳಬೇಕು, ಆಮೇಲೆ ಮುಂದಿನ ಒಂದು ಬರುವವರೆಗೆ ಏನು ಚೇಷ್ಟೆ ಬೇಕಾದರೂ ಮಾಡಿಕೊಳ್ಳಬಹುದು. ಸ್ನೇರ್ ಡ್ರಮ್ 5ರಲ್ಲಿ ಮತ್ತು 13ರಲ್ಲಿ ಚಟ್ ಅನ್ನುತ್ತದೆ.

ಅಂದರೆ ಒಂದು ಪರಂಪರೆ ಒಂದನ್ನು ಖಾಲಿ ಬಿಡುತ್ತದೆ, ಇನ್ನೊಂದು ಅದರ ಮೇಲೆಯೇ ಕೂರುತ್ತದೆ. ಎರಡನ್ನೂ ಒಂದೇ ಕೋಣೆಗೆ ತಂದರೆ ಏನಾಗುತ್ತದೆ? 'ಹಾರ್ಲೆಮ್ ರಿವರ್ ಡ್ರೈವ್' ಆಗುತ್ತದೆ. ಬೇಸ್‌ನಿಂದ ಕೇಳಿ ಅಂದದ್ದು ಇದಕ್ಕೇ. ಯಾವುದೇ ಕ್ಷಣದಲ್ಲಿ ಹಾಡು ಯಾವ ಕಡೆ ವಾಲುತ್ತಿದೆ ಅಂತ ತಿಳಿಯಲು ಒಂದೇ ಪ್ರಶ್ನೆ ಸಾಕು: ಒಂದರಲ್ಲಿ ಬೇಸ್ ಇದೆಯಾ, ಇಲ್ವಾ?

ಒಂದು ಚಿಕ್ಕ ಸುಳಿವು ಕೊಡುತ್ತೇನೆ. 3-2 ಕ್ಲಾವೆಯ ಕೊನೆಯ ಏಟು 13ರಲ್ಲಿದೆ, ಫಂಕ್ ಸ್ನೇರ್‌ನ ಎರಡನೇ ಏಟೂ 13ರಲ್ಲಿದೆ. ಎರಡು ಲೋಕಗಳು ಕೈಕುಲುಕುವ ಜಾಗ ಅದು. ಅಲ್ಲಿ ಕಿವಿ ಇಟ್ಟರೆ ಕಾಂಗಾ, ಟಿಂಬಾಲೆಸ್, ಡ್ರಮ್ ಸೆಟ್ ಒಟ್ಟಿಗೆ ಕೂತಿದ್ದರೂ ಒಬ್ಬರ ಕಾಲು ಒಬ್ಬರು ತುಳಿಯದಿರುವುದು ಯಾಕೆ ಅಂತ ಸ್ವಲ್ಪ ಹೊಳೆಯುತ್ತದೆ. ಹಾಗಂತ ಎಲ್ಲಾ ಹಾಡಿನಲ್ಲೂ ಕ್ಲಾವೆಯನ್ನು ಯಾರೋ ಕೋಲಿನಲ್ಲಿ ಬಾರಿಸುತ್ತಿರುತ್ತಾರೆ ಅಂತ ಕಾಯಬೇಡಿ. ಅದು ಎಷ್ಟೋ ಕಡೆ ಒಳಗೇ ಇರುತ್ತದೆ, ಕೆಲವು ಕಡೆ ಫಂಕ್ ಅದನ್ನು ಪೂರ್ತಿ ಪಕ್ಕಕ್ಕೆ ತಳ್ಳುತ್ತದೆ.

ಯಾವ ಹಾಡಿನಿಂದ ಶುರು

ನನ್ನ ಸಲಹೆ ಕೇಳಿದರೆ ಆಲ್ಬಮ್ ಕ್ರಮ ಬಿಟ್ಟುಬಿಡಿ, ಮೊದಲ ಸಲ ಮಾತ್ರ. 'ಸೀಡ್ಸ್ ಆಫ್ ಲೈಫ್' ಕೊನೆಯ ಹಾಡು, ಅದರಿಂದಲೇ ಶುರು ಮಾಡಿ. ವೇಗ ಇದೆ, ಹಾರ್ನ್‌ಗಳು ಚುರುಕು, ತಾಳವಾದ್ಯಗಳು ಮುಂದೆ ಬಂದು ನಿಲ್ಲುತ್ತವೆ. ಹೇಗೂ ಮೈ ಕುಣಿಯುತ್ತದೆ, ಸ್ವಲ್ಪ ಕುಣಿದು ಮುಗಿಸಿ. ಎರಡನೇ ಸಲ ಹಾಕಿ ಕಾಂಗಾ ಒಂದನ್ನೇ ಹಿಂಬಾಲಿಸಿ.

ಆಮೇಲೆ 'ಐಡಲ್ ಹ್ಯಾಂಡ್ಸ್'. ಎಂಟು ನಿಮಿಷ ದಾಟುವ ಹಾಡು. ನನ್ನ ಮಟ್ಟಿಗೆ ಆಲ್ಬಮ್‌ನ ಹೃದಯ ಇದೇ. ಫಂಕ್ ಇಲ್ಲಿ ಗಟ್ಟಿಯಾಗಿ ನೆಲ ಹಿಡಿದಿದೆ. ಈ ಹಾಡನ್ನು ಹಲವು ಸಲ ಕೇಳಿ, ಆದರೆ ಪ್ರತಿ ಸಲವೂ ಒಬ್ಬರನ್ನೇ ಕೇಳಿ. ಒಮ್ಮೆ ಬೇಸ್ ಮಾತ್ರ. ಒಮ್ಮೆ ಗಿಟಾರ್: ಇಲ್ಲಿ ಗಿಟಾರ್ ನುಡಿಸಿದ ಕಾರ್ನೆಲ್ ಡುಪ್ರಿ ಅವರಂಥ ಸೋಲ್ ವಾದಕರು ತಂತಿಯನ್ನು ಪೂರ್ತಿ ಮೊಳಗಲು ಬಿಡದೆ ಎಡಗೈಯಿಂದ ತಡೆದು ಚಕ್ ಚಕ್ ಅನ್ನಿಸುತ್ತಾರೆ, ಅದೂ ಒಂದು ತಾಳವಾದ್ಯದ ಕೆಲಸವೇ. ಒಮ್ಮೆ ಹಾರ್ನ್‌ಗಳ ತಳದಲ್ಲಿ ಗೊರಗೊರ ಅನ್ನುವ ಬ್ಯಾರಿಟೋನ್ ಸ್ಯಾಕ್ಸ್. ಈ ಥರ ಒಬ್ಬೊಬ್ಬರನ್ನೇ ಹಿಡಿದು ಕೇಳಿದ ಮೇಲೆ ಎಲ್ಲರನ್ನೂ ಒಟ್ಟಿಗೆ ಕೇಳಿ. ಬೇರೆಯೇ ಹಾಡು ಅನ್ನಿಸುತ್ತದೆ.

'ಇಫ್' ಚಿಕ್ಕದು, ಮೂರು ನಿಮಿಷದ ಒಳಗೇ ಮುಗಿಯುತ್ತದೆ, ರೇಡಿಯೋಗೆ ಹೊಂದುವ ಸೋಲ್ ಹಾಡು. ಚೆನ್ನಾಗಿದೆ, ಇಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕಾಗಿಲ್ಲ. ಥೀಮ್ ಹಾಡನ್ನು ಅದರ ನಂತರ ಕೇಳಿ.

'ಬ್ರೋಕನ್ ಹೋಮ್' ಅನ್ನು ಕೊನೆಗೆ ಇಟ್ಟುಕೊಳ್ಳಿ. ಹತ್ತು ನಿಮಿಷ ದಾಟುತ್ತದೆ, ನಿಧಾನ, ಭಾರ. ಕುಣಿಯಲು ಬಂದವನಿಗೆ ಇದು ಅಡ್ಡಗೋಡೆ. ಮೊದಲ ಸಲ ಬೇಜಾರಾದರೆ ಆಶ್ಚರ್ಯವಿಲ್ಲ. ಆದರೆ ಇಷ್ಟು ಹೊತ್ತಿಗೆ ನಿಮಗೆ ವಾದ್ಯಗಳನ್ನು ಬೇರೆ ಬೇರೆ ಹಿಡಿಯುವ ರೂಢಿ ಆಗಿರುತ್ತದೆ, ಹಾಗಾಗಿ ನಿಧಾನ ಹಾಡಿನಲ್ಲಿ ಖಾಲಿ ಜಾಗ ಎಲ್ಲೆಲ್ಲಿ ಬಿಟ್ಟಿದ್ದಾರೆ, ಆ ಜಾಗದಲ್ಲಿ ಹಾಡುಗಾರ ಏನು ಮಾಡುತ್ತಾನೆ ಅನ್ನುವುದೆಲ್ಲ ಕಾಣತೊಡಗುತ್ತದೆ. ಇಷ್ಟೆಲ್ಲ ಆದ ಮೇಲೆ ಒಂದು ಸಲ ಆಲ್ಬಮ್ ಕ್ರಮದಲ್ಲೇ ಮೊದಲಿನಿಂದ ಕೊನೆವರೆಗೆ ಕೇಳಿ, ಆಗ ಆ ಭಾರದ ನಂತರ 'ಸೀಡ್ಸ್ ಆಫ್ ಲೈಫ್' ಅನ್ನು ಕೊನೆಗೆ ಇಟ್ಟಿದ್ದು ಯಾಕೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಹೆಸರುಗಳ ಬೆನ್ನು ಹತ್ತುವುದು

ಹಾಡು ಕೇಳುವ ಆಪ್‌ಗಳಲ್ಲಿ ಒಂದು ದೊಡ್ಡ ತೊಂದರೆ ಅಂದರೆ ಯಾರು ಏನು ನುಡಿಸಿದ್ದಾರೆ ಅಂತ ಎಷ್ಟೋ ಸಲ ಸರಿಯಾಗಿ ಹಾಕಿರುವುದಿಲ್ಲ. ಹಳೇ ಎಲ್‌ಪಿಯ ಹಿಂಬದಿಯಲ್ಲಿ ಆ ವಿವರ ಇರುತ್ತದೆ. ರೆಕಾರ್ಡ್ ಇಲ್ಲದಿದ್ದರೆ ರೆಕಾರ್ಡ್‌ಗಳ ವಿವರ ಕೂಡಿಡುವ ಡಿಸ್ಕಾಗ್ಸ್ ಜಾಲತಾಣಕ್ಕೆ ಹೋಗಿ ಹಿಂಬದಿಯ ಫೋಟೋ ದೊಡ್ಡದು ಮಾಡಿ ಓದಿ. ಒಂದು ಹಾಳೆಯಲ್ಲಿ ಹೆಸರುಗಳನ್ನು ಬರೆದುಕೊಂಡು ಪ್ರತಿಯೊಂದರ ಮುಂದೆ ಆ ವ್ಯಕ್ತಿ ನುಡಿಸಿದ ಇನ್ನೊಂದು ರೆಕಾರ್ಡ್ ಬರೆಯಿರಿ. ಒಂದು ಸಂಜೆಯ ಕೆಲಸ, ಆದರೆ ಮುಂದೆ ತಿಂಗಳುಗಟ್ಟಲೆ ಕೇಳಲು ಸಾಮಾನು ಸಿಗುತ್ತದೆ.

ಫಂಕ್ ಕಡೆಯಿಂದ ಬಂದವರನ್ನು ಮೊದಲು ನೋಡಿ. ಡ್ರಮ್ಮರ್ ಬರ್ನಾರ್ಡ್ ಪರ್ಡಿ, ಗಿಟಾರ್ ವಾದಕ ಕಾರ್ನೆಲ್ ಡುಪ್ರಿ, ಬೇಸ್ ವಾದಕ ಜೆರ್ರಿ ಜೆಮಟ್. ಜೆಮಟ್ ಹೆಸರನ್ನು ಕೆಲವು ಕಡೆ ಜೆರಾಲ್ಡ್ ಅಂತ ಬರೆದಿರುತ್ತಾರೆ, ಇಬ್ಬರೂ ಒಬ್ಬರೇ. ಈ ಮೂವರೂ 1971ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫಿಲ್‌ಮೋರ್ ವೆಸ್ಟ್‌ನಲ್ಲಿ ಸ್ಯಾಕ್ಸ್ ವಾದಕ ಕಿಂಗ್ ಕರ್ಟಿಸ್ ತಂಡದಲ್ಲಿ ಸೋಲ್ ಗಾಯಕಿ ಅರೀತಾ ಫ್ರಾಂಕ್ಲಿನ್ ಅವರ ಹಿಂದೆ ನುಡಿಸಿದವರು. ಅರೀತಾ ಅವರ 'ಲೈವ್ ಅಟ್ ಫಿಲ್‌ಮೋರ್ ವೆಸ್ಟ್' ಮತ್ತು ಕಿಂಗ್ ಕರ್ಟಿಸ್ ಅವರ ಅದೇ ಹೆಸರಿನ ಆಲ್ಬಮ್, ಎರಡನ್ನೂ ಪಕ್ಕದಲ್ಲಿಟ್ಟು ಕೇಳಿ. ಲ್ಯಾಟಿನ್ ವಾದ್ಯಗಳಿಲ್ಲದಾಗ ಈ ಮೂವರು ಹೇಗೆ ಕೇಳಿಸುತ್ತಾರೆ ಅಂತ ಗೊತ್ತಾದರೆ 'ಹಾರ್ಲೆಮ್ ರಿವರ್ ಡ್ರೈವ್'ನಲ್ಲಿ ಅವರು ಏನನ್ನು ಬದಲಿಸಿಕೊಂಡಿದ್ದಾರೆ ಅನ್ನುವುದು ತಾನಾಗಿ ಕಾಣುತ್ತದೆ.

ಪರ್ಡಿ ಅವರನ್ನು ಗುರುತಿಸುವುದು ಒಂದು ಆಟ. ಈ ಆಲ್ಬಮ್‌ನಲ್ಲಿ ಡ್ರಮ್ಮರ್ ಒಬ್ಬರೇ ಅಲ್ಲ, ಹಾಗಾಗಿ ಆಟ ಇನ್ನೂ ಮಜಾ. ಸ್ನೇರ್ ಮೇಲೆ ಜೋರು ಏಟುಗಳ ನಡುವೆ ಕೇಳಿಸಿಯೂ ಕೇಳಿಸದ ಹಾಗೆ ಸಣ್ಣ ಏಟುಗಳನ್ನು ಉದುರಿಸುವುದು ಅವರ ಚಾಳಿ. ಇನ್ನೊಂದು, ಹೈ-ಹ್ಯಾಟ್ (ಕಾಲಿನಿಂದ ತೆರೆದು ಮುಚ್ಚುವ ಜೋಡಿ ತಟ್ಟೆ) ಅನ್ನು ಒಂದು ಕ್ಷಣ ತೆರೆದು 'ಪಿಸ್' ಅಂತ ಮುಚ್ಚುವುದು. ಅರೀತಾ ಅವರ 'ರಾಕ್ ಸ್ಟೆಡಿ', ಸ್ಟೀಲಿ ಡ್ಯಾನ್ ಅವರ 1977ರ 'ಏಜಾ' ಆಲ್ಬಮ್‌ನ 'ಹೋಮ್ ಅಟ್ ಲಾಸ್ಟ್', ಈ ಎರಡನ್ನು ಕೇಳಿ ಕಿವಿ ಪಳಗಿಸಿಕೊಂಡು ಮತ್ತೆ ಇಲ್ಲಿಗೆ ಬನ್ನಿ. ಜೆಮಟ್ ಬೇಕಾದರೆ ಬಿ. ಬಿ. ಕಿಂಗ್ ಅವರ 'ದಿ ಥ್ರಿಲ್ ಈಸ್ ಗಾನ್'. ಡುಪ್ರಿ ಬೇಕಾದರೆ ಬ್ರೂಕ್ ಬೆಂಟನ್ ಅವರ 'ರೈನಿ ನೈಟ್ ಇನ್ ಜಾರ್ಜಿಯಾ', ಅದರ ಶುರುವಿನ ಗಿಟಾರ್ ಅವರದೇ.

ಲ್ಯಾಟಿನ್ ಕಡೆಯಿಂದ ಬಂದವರಲ್ಲಿ ಬೇಸ್‌ಗೆ ವಿಕ್ಟರ್ ವೆನೆಗಾಸ್ ಇದ್ದಾರೆ. ಕ್ಯೂಬಾದ ಕಾಂಗಾ ವಾದಕ ಮೊಂಗೊ ಸಾಂತಾಮರಿಯಾ ಅವರ ತಂಡದಲ್ಲಿ ನುಡಿಸಿದವರು. ಆಗ ಇನ್ನೂ ಎಳೆಯ ಹುಡುಗನಾಗಿದ್ದ ಆಂಡಿ ಗೊನ್ಸಾಲೆಸ್ ಕೂಡ ಇದ್ದಾರೆ, ಹುಟ್ಟಿದ್ದು 1951ರಲ್ಲಿ, ಲೆಕ್ಕ ಹಾಕಿಕೊಳ್ಳಿ. ಫಂಕ್ ಬೇಸ್ ಜೆಮಟ್ ಒಂದು ಕಡೆ, ತುಂಬಾವೊ ರಕ್ತದಲ್ಲೇ ಇರುವ ಇವರು ಇನ್ನೊಂದು ಕಡೆ. ಒಂದೇ ಆಲ್ಬಮ್‌ನಲ್ಲಿ ಎರಡೂ ಬಗೆಯ ಬೇಸ್ ವಾದಕರನ್ನು ಕೂಡಿಸಿದ್ದು ಸುಮ್ನೆ ಆದದ್ದಲ್ಲ ಅಂತ ನನ್ನ ಅನಿಸಿಕೆ. ಟಿಂಬಾಲೆಸ್‌ಗೆ ನಿಕಿ ಮರೇರೊ, ಮುಂದೆ ಫಾನಿಯಾ ಆಲ್ ಸ್ಟಾರ್ಸ್ ಅನ್ನುವ ಸಾಲ್ಸಾ ತಂಡದಲ್ಲಿ ಹೆಸರು ಮಾಡಿದವರು. ಕಾಂಗಾಗೆ ಎಲಾಡಿಯೊ ಪೆರೆಸ್. ಆರ್ಗನ್ ಮುಂದೆ ಅಣ್ಣ ಚಾರ್ಲಿ ಪಾಲ್ಮಿಯೇರಿ. ಚಾರ್ಲಿಯ ಆರ್ಗನ್ ಇಷ್ಟವಾದರೆ ಅದೇ 1971ರ 'ವಾಮೊನೋಸ್ ಪಾಲ್ ಮೊಂತೆ' ಹುಡುಕಿ. ಅದು ಪಾಲ್ಮಿಯೇರಿ ಅವರ ಸಾಲ್ಸಾ ಆಲ್ಬಮ್, ಲ್ಯಾಟಿನ್ ಕೇಳುಗರಿಗೆಲ್ಲ ಗೊತ್ತಿರುವಂಥದ್ದು, ಶೀರ್ಷಿಕೆ ಹಾಡಿನಲ್ಲಿ ಆರ್ಗನ್ ಬೆಂಕಿ ಉಗುಳುತ್ತದೆ. ಒಂದೇ ವರ್ಷ, ಅಣ್ಣ ತಮ್ಮ ಇಬ್ಬರೂ ಇದ್ದಾರೆ. ಒಂದು ಆಲ್ಬಮ್ ಹಬ್ಬವಾಯಿತು, ಇನ್ನೊಂದು ಧೂಳು ತಿಂದಿತು.

ಹಾರ್ನ್‌ಗಳ ಸಾಲಿನಲ್ಲಿ ಟ್ರಂಪೆಟ್‌ಗೆ ರ‍್ಯಾಂಡಿ ಬ್ರೆಕರ್, ಬ್ಯಾರಿಟೋನ್ ಸ್ಯಾಕ್ಸ್‌ಗೆ ರಾನಿ ಕ್ಯೂಬರ್, ಟ್ರಾಂಬೋನ್‌ಗೆ ಬ್ಯಾರಿ ರಾಜರ್ಸ್. ಬ್ಯಾರಿ ರಾಜರ್ಸ್ ಅವರನ್ನು ಮಾತ್ರ ಸ್ವಲ್ಪ ನಿಧಾನವಾಗಿ ನೋಡಿ. ಬ್ರಾಂಕ್ಸ್‌ನ ಯಹೂದಿ ಕುಟುಂಬದ ಹುಡುಗ, ಲಾ ಪರ್ಫೆಕ್ಟಾದ ಆ ಟ್ರಾಂಬೋನ್ ದನಿಯನ್ನು ಕಟ್ಟಿದವರಲ್ಲಿ ಮುಖ್ಯರು. ಆಮೇಲೆ ರ‍್ಯಾಂಡಿ ಬ್ರೆಕರ್, ಮೈಕೇಲ್ ಬ್ರೆಕರ್, ಬಿಲ್ಲಿ ಕೊಬಮ್ ಜೊತೆ 'ಡ್ರೀಮ್ಸ್' ಅನ್ನುವ ಜಾಝ್-ರಾಕ್ ತಂಡದಲ್ಲೂ ಇದ್ದರು. ಅಂದರೆ ಸಾಲ್ಸಾ, ಜಾಝ್, ರಾಕ್ ಮೂರೂ ಲೋಕಗಳಲ್ಲಿ ಓಡಾಡಿದ ಮನುಷ್ಯ. 1991ರಲ್ಲಿ ತೀರಿಕೊಂಡರು. ಕ್ಯೂಬರ್ ಮತ್ತು ರ‍್ಯಾಂಡಿ ಇಬ್ಬರೂ ಮುಂದೆ ಫ್ರಾಂಕ್ ಝಾಪಾ ಅವರ 'ಝಾಪಾ ಇನ್ ನ್ಯೂಯಾರ್ಕ್'ನಲ್ಲಿ ಸಿಗುತ್ತಾರೆ.

ಹಾಡುಗಾರ ಜಿಮ್ಮಿ ನಾರ್ಮನ್. ಈತನ ಕಥೆ ಒಂದು ಸಿನಿಮಾಕ್ಕೆ ಆಗುತ್ತದೆ. ರೋಲಿಂಗ್ ಸ್ಟೋನ್ಸ್ ಹಾಡಿ ಪ್ರಸಿದ್ಧವಾದ 'ಟೈಮ್ ಈಸ್ ಆನ್ ಮೈ ಸೈಡ್' ಇದೆಯಲ್ಲ, ಅದಕ್ಕೂ ಮುಂಚೆ 1964ರಲ್ಲಿ ಅರ್ಮಾ ಥಾಮಸ್ ಹಾಡಿದಾಗ ಅದರ ಹೆಚ್ಚುವರಿ ಸಾಲುಗಳನ್ನು ಬರೆದವರು ಈ ನಾರ್ಮನ್. 1968ರಲ್ಲಿ, ಜಗತ್ತಿಗೆ ಇನ್ನೂ ಅಷ್ಟಾಗಿ ಗೊತ್ತಿಲ್ಲದ ಬಾಬ್ ಮಾರ್ಲಿ ಜೊತೆ ಬ್ರಾಂಕ್ಸ್‌ನ ತಮ್ಮ ಮನೆಯಲ್ಲಿ ಕೂತು ಹಾಡು ಕಟ್ಟಿ ಟೇಪ್ ಮಾಡಿದ್ದರು. ಇಷ್ಟಾದರೂ ಕೊನೆಗಾಲದಲ್ಲಿ ಕಷ್ಟದಲ್ಲಿದ್ದರು, ಜಾಝ್ ಫೌಂಡೇಶನ್ ಆಫ್ ಅಮೆರಿಕ ನೆರವಿಗೆ ಬಂತು. 2011ರಲ್ಲಿ ತೀರಿಕೊಂಡರು. ಇದನ್ನು ತಿಳಿದುಕೊಂಡು 'ಬ್ರೋಕನ್ ಹೋಮ್' ಮತ್ತೊಮ್ಮೆ ಹಾಕಿ, ಈ ಸಲ ಬೇಸ್ ಬಿಟ್ಟು ದನಿಯನ್ನೇ ಕೇಳಿ. ನನ್ನ ನಿಯಮ ನಾನೇ ಮುರಿಯುತ್ತಿದ್ದೇನೆ, ಪರವಾಗಿಲ್ಲ.

ಎಲ್‌ಪಿ ಕೊಳ್ಳುವ ಆಸೆ ಇದ್ದರೆ

ಮಾರುವವರು 'ಒರಿಜಿನಲ್' ಅಂದ ಕೂಡಲೇ ನಂಬಬೇಡಿ. ರೆಕಾರ್ಡ್‌ನಲ್ಲಿ ಹಾಡು ಮುಗಿದ ಮೇಲೆ ಲೇಬಲ್‌ವರೆಗೆ ಉಳಿಯುವ ಖಾಲಿ ಪಟ್ಟಿಯಲ್ಲಿ ಕೆಲವು ಅಂಕಿ ಅಕ್ಷರ ಗೀಚಿರುತ್ತಾರೆ ಅಥವಾ ಒತ್ತಿರುತ್ತಾರೆ. ಅದರ ಫೋಟೋ ಕೇಳಿ, ಡಿಸ್ಕಾಗ್ಸ್‌ನಲ್ಲಿರುವ 1971ರ ಮುದ್ರಣದ ವಿವರದ ಜೊತೆ ಹೋಲಿಸಿ. ಲೇಬಲ್‌ನ ಫೋಟೋವನ್ನೂ ಕೇಳಿ. ಕೊಡಲು ಹಿಂದೇಟು ಹಾಕಿದರೆ ಬಿಟ್ಟುಬಿಡಿ. ಹೊರಗಿನ ಕವರ್ ಹೊಸದರ ಹಾಗೆ ಹೊಳೆಯುತ್ತಿದ್ದರೆ ಮರುಮುದ್ರಣ ಇರಬಹುದು, ಅದರಲ್ಲಿ ತಪ್ಪೇನಿಲ್ಲ, ಬೆಲೆ ಮಾತ್ರ ಅದಕ್ಕೆ ತಕ್ಕಂತೆ ಇರಬೇಕು. ಗೀರು ಬಿದ್ದ ದುಬಾರಿ ಹಳೆಯದಕ್ಕಿಂತ ಶುಚಿಯಾದ ಮರುಮುದ್ರಣವೇ ನನಗೆ ಇಷ್ಟ. 'ಬ್ರೋಕನ್ ಹೋಮ್'ನಂಥ ನಿಧಾನದ ಹಾಡಿನಲ್ಲಿ ಪಟಪಟ ಸದ್ದು ಕೇಳಿದರೆ ಮೂಡೇ ಹೋಗುತ್ತದೆ.

ಇದಾದ ಮೇಲೆ ಎಲ್ಲಿಗೆ

ಮೊದಲ ನಿಲ್ದಾಣದ ಬಗ್ಗೆ ನನಗೆ ಅನುಮಾನವೇ ಇಲ್ಲ: ಸಿಂಗ್ ಸಿಂಗ್. ನ್ಯೂಯಾರ್ಕ್ ರಾಜ್ಯದ ಆಸಿನಿಂಗ್‌ನಲ್ಲಿರುವ ಜೈಲು ಅದು. ಪಾಲ್ಮಿಯೇರಿ ತಮ್ಮ ಲ್ಯಾಟಿನ್ ತಂಡವನ್ನೂ ಹಾರ್ಲೆಮ್ ರಿವರ್ ಡ್ರೈವ್ ಬಳಗವನ್ನೂ ಕರೆದುಕೊಂಡು ಹೋಗಿ ಕೈದಿಗಳ ಮುಂದೆ ನುಡಿಸಿದರು. 'ರೆಕಾರ್ಡೆಡ್ ಲೈವ್ ಅಟ್ ಸಿಂಗ್ ಸಿಂಗ್' ಹೆಸರಿನಲ್ಲಿ ಟಿಕೊ ಕಂಪನಿ 1972ರಲ್ಲಿ ಮೊದಲ ಭಾಗ, 1974ರಲ್ಲಿ ಎರಡನೇ ಭಾಗ ಹೊರತಂದಿತು. ನ್ಯೂಯಾರ್ಕ್‌ನ ಪೋರ್ಟೊ ರಿಕನ್ ಯುವಕರ ಹಕ್ಕಿನ ಹೋರಾಟವಾದ ಯಂಗ್ ಲಾರ್ಡ್ಸ್ ಚಳವಳಿಯ ಫೆಲಿಪೆ ಲೂಸಿಯಾನೊ ಅಲ್ಲಿ ಕವಿತೆ ಓದುತ್ತಾರೆ. ಸ್ಟುಡಿಯೋದಲ್ಲಿ ಅಚ್ಚುಕಟ್ಟಾಗಿದ್ದದ್ದು ಇಲ್ಲಿ ಬೆವರು ಸುರಿಸುತ್ತದೆ, ಕೇಳುವವರ ಕೂಗಾಟವೂ ಸಂಗೀತದ ಭಾಗವಾಗುತ್ತದೆ.

ಪಾಲ್ಮಿಯೇರಿ ಅವರ ಮುಂದಿನ ಹಾದಿ ನೋಡಬೇಕಾದರೆ 1974ರ 'ದಿ ಸನ್ ಆಫ್ ಲ್ಯಾಟಿನ್ ಮ್ಯೂಸಿಕ್'. ಲ್ಯಾಟಿನ್ ರೆಕಾರ್ಡಿಂಗ್‌ಗೆ ಅಂತ ಗ್ರ್ಯಾಮಿ ಪ್ರಶಸ್ತಿಯನ್ನು ಮೊದಲ ಸಲ ಕೊಟ್ಟಾಗ ಅದು ಹೋದದ್ದು ಈ ಆಲ್ಬಮ್‌ಗೆ, 1976ರಲ್ಲಿ. ಹಿಂದಕ್ಕೆ ಹೋಗುವ ಮನಸ್ಸಿದ್ದರೆ ಕ್ಯಾಲ್ ಜೇಡರ್ ಜೊತೆ ಮಾಡಿದ 1966ರ 'ಎಲ್ ಸೊನಿಡೊ ನುಯೆವೊ'. ಜೇಡರ್ ಅವರ ವೈಬ್ರಾಫೋನ್‌ನ (ಲೋಹದ ಪಟ್ಟಿಗಳನ್ನು ಬಡಿದು ನುಡಿಸುವ ವಾದ್ಯ) ತಣ್ಣನೆಯ ದನಿ, ಅದರ ಕೆಳಗೆ ಲಾ ಪರ್ಫೆಕ್ಟಾದ ಟ್ರಾಂಬೋನ್. ಇನ್ನೂ ಈಚೆಗೆ ಬರಬೇಕಾದರೆ 1997ರ 'ನುಯೊರಿಕನ್ ಸೋಲ್', ಅಲ್ಲಿ ಕ್ಲಬ್ ಸಂಗೀತದ ಹುಡುಗರ ಜೊತೆ ಪಾಲ್ಮಿಯೇರಿ ಕೂತಿದ್ದಾರೆ. ಅವರು 2025ರ ಆಗಸ್ಟ್‌ನಲ್ಲಿ, 88ನೇ ವಯಸ್ಸಿನಲ್ಲಿ ತೀರಿಕೊಂಡರು.

ಬೇಸ್‌ನ ಜಾಡು ಹಿಡಿದೇ ಹೋಗುವವರು ಆಂಡಿ ಗೊನ್ಸಾಲೆಸ್ ಅವರನ್ನು ಬಿಡಬೇಡಿ. 1974ರಲ್ಲಿ ಅವರು ಲಾ ಪರ್ಫೆಕ್ಟಾದ ಹಳೇ ಹುಲಿ ಮ್ಯಾನಿ ಒಕೆಂಡೊ ಜೊತೆ ಸೇರಿ 'ಲಿಬ್ರೆ' ತಂಡ ಕಟ್ಟಿದರು. ಅಲ್ಲಿ ಫಂಕ್ ಇಲ್ಲ, ಒಂದರ ಮೇಲೆ ಬೇಸ್ ಬೀಳುವುದು ಅಪರೂಪ, ಹದಿನಾರರ ಎಣಿಕೆ ಇಟ್ಟುಕೊಂಡು ಕೇಳಿದರೆ ತುಂಬಾವೊ ಕೈಗೆ ಸಿಗುವಷ್ಟು ಹತ್ತಿರದಲ್ಲಿ ಇರುತ್ತದೆ. ಅದನ್ನು ಕೇಳಿದ ಮೇಲೆ 'ಐಡಲ್ ಹ್ಯಾಂಡ್ಸ್'ಗೆ ಇನ್ನೊಂದು ಸಲ ಹೋಗಿ ನೋಡಿ.